ಸೂರ್ಯ ಪಶ್ಚಿಮ ದಂಡೆಯಲ್ಲಿ ಹುಟ್ಟುವ ಊರು

ಜಾಝ್ ಸಂಗೀತ ಹುಟ್ಟಿದ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ದಿಕ್ಕು ನಂಬಿ ನಡೆದರೆ ಕೆಟ್ಟಿರಿ. ಮಿಸಿಸಿಪ್ಪಿ ನದಿ ಇಲ್ಲಿ ಹಾವಿನ ಹಾಗೆ ಹೊರಳುತ್ತದೆ. ‘ವೆಸ್ಟ್ ಬ್ಯಾಂಕ್’ ಎನ್ನುವ ದಂಡೆ ಹಳೇ ಊರಿನಿಂದ ನೋಡಿದರೆ ಪೂರ್ವಕ್ಕೂ ದಕ್ಷಿಣಕ್ಕೂ ಇದೆ, ಹಾಗಾಗಿ ಬೆಳಗಿನ ಸೂರ್ಯ ಹುಟ್ಟುವುದೇ ಪಶ್ಚಿಮ ದಂಡೆಯ ಮೇಲೆ. ಊರಿನವರು ದಾರಿ ಹೇಳುವುದು ನೀರನ್ನು ನೋಡಿಕೊಂಡು: ನದಿಯ ಕಡೆ, ಸರೋವರದ ಕಡೆ, ಹೊಳೆ ಬರುವ ಕಡೆಗೆ ಅಪ್‌ಟೌನ್, ಹೊಳೆ ಹೋಗುವ ಕಡೆಗೆ ಡೌನ್‌ಟೌನ್. ಅರ್ಧ ದಿನದಲ್ಲಿ ಇದು ರೂಢಿಯಾಗುತ್ತದೆ.

ಇನ್ನೊಂದು ವಿಚಿತ್ರಕ್ಕೆ ರೂಢಿಯಾಗುವುದು ಕಷ್ಟ. ನಮ್ಮಲ್ಲಿ ಹೊಳೆಗೆ ಇಳಿಯುತ್ತೇವೆ, ಇಲ್ಲಿ ಹತ್ತಬೇಕು. ಜಾಕ್ಸನ್ ಸ್ಕ್ವೇರ್ ಎದುರಿನ ಮೆಟ್ಟಿಲು ಹತ್ತಿ ಏರಿಯ ಮೇಲೆ ನಿಂತರೆ ಒಂದು ಕಡೆ ತುಂಬಿದ ನದಿ, ಇನ್ನೊಂದು ಕಡೆ ಕೆಳಗೆ ಊರು. ವಸಂತದಲ್ಲಿ ಮೇಲಿನ ರಾಜ್ಯಗಳ ಹಿಮ ಕರಗಿ ಪ್ರವಾಹ ಬಂದಾಗ ನೀರಿನ ಮಟ್ಟ ರಸ್ತೆಗಿಂತ ಎತ್ತರಕ್ಕೆ ಬರುತ್ತದೆ. ಆಗ ರಸ್ತೆಯಲ್ಲಿ ನಿಂತವರ ತಲೆಗಿಂತ ಮೇಲೆ ಹಡಗು ಸಾಗುತ್ತದೆ. ಸಾವಿರಾರು ವರ್ಷ ನದಿ ದಡ ಮೀರಿ ಹರಿದಾಗಲೆಲ್ಲ ಭಾರದ ಹೂಳು ದಡದಲ್ಲೇ ಕೂತು ಅಲ್ಲಿ ದಿಬ್ಬವಾಯಿತು, ಹಿಂದಿನ ಭಾಗ ಜೌಗಾಗಿಯೇ ಉಳಿಯಿತು. 1718ರಲ್ಲಿ ಫ್ರೆಂಚರ ಬಿಯೆನ್‌ವಿಲ್ ಊರು ಕಟ್ಟಿದ್ದು ಆ ದಿಬ್ಬದ ಮೇಲೆ. ಇಪ್ಪತ್ತನೆಯ ಶತಮಾನದಲ್ಲಿ ಪಂಪ್ ಇಟ್ಟು ಜೌಗು ಬತ್ತಿಸಿ ಅಲ್ಲೂ ಮನೆ ಕಟ್ಟಿದರು. ಕೊಳೆತ ಎಲೆಬೇರಿನ ಮಣ್ಣು ನೀರು ಆರಿದ ಕೂಡಲೇ ಕುಸಿಯತೊಡಗಿತು. ಇಂದು ಊರಿನ ಅರ್ಧದಷ್ಟು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಕೆಲವೆಡೆ 2 ಮೀಟರ್‌ನಷ್ಟು. ಪ್ರವಾಸಿಗರು ಉಳಿಯುವುದು ದಿಬ್ಬದ ಮೇಲೆ. ಸಂಗೀತ ನುಡಿಸುವವರಲ್ಲಿ ಬಹಳ ಜನರ ಮನೆಗಳಿದ್ದದ್ದು ತಗ್ಗಿನಲ್ಲಿ. ಈ ಊರು ನೋಡುವಾಗ ಇದೊಂದು ನೆನಪಿರಲಿ.

ಬೋರ್ಬನ್ ಸ್ಟ್ರೀಟ್‌ಗೆ ಹತ್ತು ನಿಮಿಷ ಸಾಕು: ಕುಡಿದವರ ಗಲಾಟೆ, ಎಲ್ಲ ಊರಿನಲ್ಲೂ ಕೇಳುವ ಹಾಡುಗಳು. ಸೇಂಟ್ ಪೀಟರ್ ಸ್ಟ್ರೀಟ್‌ನಲ್ಲಿ 1961ರಿಂದ ಇರುವ ಪ್ರಿಸರ್ವೇಶನ್ ಹಾಲ್ ಬೇರೆ ಮಾತು. ಮುಕ್ಕಾಲು ಗಂಟೆಯ ಕಛೇರಿ, ಕೆಲವೇ ಬೆಂಚು, ಮದ್ಯವಿಲ್ಲ, ಫೋಟೊ ತೆಗೆಯುವಂತಿಲ್ಲ. ನಡೆದೇ ಹೋಗಬಹುದಾದ ಫ್ರೆಂಚ್‌ಮೆನ್ ಸ್ಟ್ರೀಟ್‌ನಲ್ಲಿ ಪ್ರತಿ ಬಾರ್‌ನಲ್ಲೂ ಒಂದು ತಂಡ. ಬಕೆಟ್ ಹಿಡಿದು ಬರುತ್ತಾರೆ, 5 ಡಾಲರ್‌ಗಿಂತ ಕಡಿಮೆ ಹಾಕಬೇಡಿ. ಬಹುಪಾಲು ಸಂಪಾದನೆ ಅದೇ.

ಆದರೆ ಇಲ್ಲಿನ ಸಂಗೀತ ಬೀದಿಯದು. ಬೇಸಿಗೆಯ ಎರಡು ತಿಂಗಳು ಬಿಟ್ಟರೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಮಧ್ಯಾಹ್ನ ಎಲ್ಲೋ ಒಂದು ಕಡೆ ‘ಸೆಕೆಂಡ್ ಲೈನ್’ ಮೆರವಣಿಗೆ ಹೊರಡುತ್ತದೆ. ಮುಂದೆ ಹೊಸ ಸೂಟು, ಗರಿಯ ಬೀಸಣಿಗೆ, ಅದಕ್ಕೊಪ್ಪುವ ಬೂಟು ತೊಟ್ಟ ಕ್ಲಬ್ ಸದಸ್ಯರು, ಅವರ ಹಿಂದೆ ಬ್ರಾಸ್ ಬ್ಯಾಂಡ್. ಇವೆರಡೂ ಮೊದಲ ಸಾಲು. ಹಿಂದೆ ಸೇರಿಕೊಳ್ಳುವ ನೀವು, ನೆರೆಹೊರೆ, ಮಕ್ಕಳು, ಐಸ್ ಪೆಟ್ಟಿಗೆ ಎಳೆಯುವ ತಂಪುಪಾನೀಯದವರು ಎರಡನೆಯ ಸಾಲು. ಈ ಕ್ಲಬ್‌ಗಳ ಬೇರು ಹತ್ತೊಂಬತ್ತನೆಯ ಶತಮಾನದ ಪರಸ್ಪರ ಸಹಾಯ ಸಂಘಗಳಲ್ಲಿದೆ. ಕಪ್ಪು ಜನರಿಗೆ ಯಾರೂ ವಿಮೆ ಕೊಡದ ಕಾಲದಲ್ಲಿ ವಂತಿಗೆ ಹಾಕಿ ವೈದ್ಯರ ಖರ್ಚು, ಮಣ್ಣಿನ ಖರ್ಚು ನೋಡಿಕೊಂಡವರು ಅವರು. ಸತ್ತವನಿಗೆ ಬ್ಯಾಂಡ್ ಕಳಿಸುವುದೂ ಆ ವಂತಿಗೆಯಲ್ಲೇ ಸೇರಿತ್ತು.

ತಂಡದಲ್ಲಿ ಸಾಮಾನ್ಯವಾಗಿ ಎರಡು ಟ್ರಂಪೆಟ್, ಎರಡು ಟ್ರಾಂಬೋನ್, ಒಂದು ಸ್ಯಾಕ್ಸೊಫೋನ್, ಹೆಗಲಿಗೆ ಸುತ್ತಿಕೊಂಡ ಸೂಸಾಫೋನ್ ಎಂಬ ದೊಡ್ಡ ಕಹಳೆ, ಸ್ನೇರ್ ಡ್ರಮ್ ಎಂಬ ಚಿಕ್ಕ ಡೋಲು, ಬೇಸ್ ಡ್ರಮ್ ಎಂಬ ದೊಡ್ಡ ಡೋಲು. ಸ್ನೇರ್ ಒಬ್ಬ, ಬೇಸ್ ಡ್ರಮ್ ಇನ್ನೊಬ್ಬ ನುಡಿಸುವುದು ನಡೆಯುತ್ತಾ ನುಡಿಸಬೇಕಾದ್ದರಿಂದ. ಇವರಿಬ್ಬರ ಕೆಲಸ ಒಬ್ಬನಿಗೆ ಬಂದು, ಕೂತು ಕಾಲಲ್ಲೂ ಬಾರಿಸತೊಡಗಿದಾಗಲೇ ಇಂದಿನ ಡ್ರಮ್ ಸೆಟ್ ಹುಟ್ಟಿದ್ದು. ಬೇಸ್ ಡ್ರಮ್ಮಿನ ನೆತ್ತಿಗೆ ಒಂದು ತಾಳದ ತಟ್ಟೆ ಬಿಗಿದಿರುತ್ತದೆ. ಅದನ್ನು ಬಡಿಯಲು ಕೋಲಲ್ಲ, ಬಟ್ಟೆ ಹ್ಯಾಂಗರ್‌ನ ಬಾಗಿಸಿದ ತಂತಿ ಅಥವಾ ಸ್ಕ್ರೂಡ್ರೈವರ್. ನಾಲ್ಕು ಎಣಿಕೆಯ ಎರಡು ಆವರ್ತ ಕೇಳಿ: ಎರಡನೆಯದರ ನಾಲ್ಕನೆಯ ಏಟು ದಪ್ಪಗೆ ಬೀಳುತ್ತದೆ. ಅದನ್ನು ‘ಬಿಗ್ ಫೋರ್’ ಎನ್ನುತ್ತಾರೆ, ಜಾಝ್‌ನ ಆದ್ಯರಲ್ಲೊಬ್ಬನಾದ ಬಡ್ಡಿ ಬೋಲ್ಡನ್ ಕಾಲದ್ದೆಂದು ಪ್ರತೀತಿ. ಸೈನ್ಯದ ನಡಿಗೆಯ ಹಾಡನ್ನು ಕುಣಿತದ ಹಾಡು ಮಾಡಿದ್ದು ಆ ಒಂದು ಏಟು. ನಮ್ಮವರು ಎಡವುವುದು ಚಪ್ಪಾಳೆಯಲ್ಲಿ. ಭಜನೆಯ ರೂಢಿಯಿಂದ ಕೈ ತಾನಾಗಿ ಒಂದು, ಮೂರಕ್ಕೆ ಬೀಳುತ್ತದೆ. ಇಲ್ಲಿ ಎರಡು, ನಾಲ್ಕಕ್ಕೆ ಬೀಳಬೇಕು.

ಮೆರವಣಿಗೆಯ ದಾರಿ ಡಬ್ಲ್ಯು‌ಡಬ್ಲ್ಯು‌ಓಜ಼ಡ್ ರೇಡಿಯೊದ (90.7) ಜಾಲತಾಣದಲ್ಲಿ ಸಿಗುತ್ತದೆ. ಸುಮಾರು ನಾಲ್ಕು ಗಂಟೆ, ನಡುವೆ ಬಾರ್‌ಗಳ ಮುಂದೆ ತಂಗುದಾಣ. ಹೊರಟ ಜಾಗಕ್ಕೇ ವಾಪಸ್ ಬರುತ್ತದೆಂಬ ಖಾತ್ರಿಯಿಲ್ಲ. ಮುಗಿದಾಗ ಬಿಸಿಲಲ್ಲಿ, ಟ್ಯಾಕ್ಸಿ ಬರದ ಬೀದಿಯಲ್ಲಿ, ಸೋತ ಕಾಲಿನಲ್ಲಿ ನಿಂತಿರುತ್ತೀರಿ. ಕಾರು ಕೊನೆಯ ತಂಗುದಾಣದ ಬಳಿ ನಿಲ್ಲಿಸಿ ಆರಂಭಕ್ಕೆ ಹೋಗುವುದು ಜಾಣತನ. ಬ್ಯಾಂಡಿಗೂ ಸದಸ್ಯರಿಗೂ ನಡುವೆ ಕ್ಯಾಮೆರಾ ಹಿಡಿದು ನುಗ್ಗುವುದು ಅಸಭ್ಯ. ನಿಜವಾದ ಶವಯಾತ್ರೆ ಎದುರಾದರೆ ಬದಿಗೆ ಸರಿದು ನಿಲ್ಲಿ. ಸ್ನೇರ್‌ನ ಕೆಳಗಿನ ತಂತಿ ಸಡಿಲಿಸಿ ದನಿ ಮಂಕಾಗಿಸಿ, ನಿಧಾನದ ಸ್ತೋತ್ರ ನುಡಿಸುತ್ತಾ ಹೋಗುತ್ತಾರೆ. ಶವಕ್ಕೆ ವಿದಾಯ ಹೇಳಿ ಬೇರ್ಪಟ್ಟ ಮೇಲೆ ತಂತಿ ಮತ್ತೆ ಬಿಗಿಯಾಗುತ್ತದೆ, ಹಾಡು ಓಡುತ್ತದೆ. ಜನ ಕುಣಿಯುವುದು ಆಗ, ಅದಕ್ಕೆ ಮೊದಲಲ್ಲ.

ಮರುದಿನ ತಗ್ಗಿಗೆ ಹೋಗಿ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂದಾಗ ಊರಿನ ಶೇ. 80ರಷ್ಟು ಮುಳುಗಿತು, ಊರಿನ ಹೊರಗಿನವರೂ ಸೇರಿ ಅಂದಾಜು 1,300ಕ್ಕೂ ಹೆಚ್ಚು ಜನ ಸತ್ತರು. ಮುಳುಗಿಸಿದ್ದು ನದಿಯಲ್ಲ. ಸಮುದ್ರದ ಉಬ್ಬರ ಸರೋವರಕ್ಕೂ ಕಾಲುವೆಗಳಿಗೂ ಒತ್ತಿ ಬಂದು ಕಾಲುವೆಗಳ ಗೋಡೆ ಒಡೆಯಿತು. 17ನೇ ಸ್ಟ್ರೀಟ್ ಮತ್ತು ಲಂಡನ್ ಅವೆನ್ಯೂ ಕಾಲುವೆಗಳಲ್ಲಿ ನೀರು ಗೋಡೆಯ ತುದಿ ಮುಟ್ಟುವ ಮೊದಲೇ ಅವು ಬಿದ್ದವು. ಉಕ್ಕಿನ ಹಾಳೆ ನೆಟ್ಟು ಅದರ ನೆತ್ತಿಗೆ ಕಾಂಕ್ರೀಟ್ ಕೂರಿಸಿದ ತೆಳು ಗೋಡೆ ಅದು. ಹಾಳೆಯ ಆಳ ಸಾಲದು, ಅಡಿಯ ಮಣ್ಣು ಮೆತ್ತಗೆ. ನೀರಿನ ಒತ್ತಡಕ್ಕೆ ಗೋಡೆ ಹೊರಕ್ಕೆ ಬಾಗಿ, ಗೋಡೆಗೂ ಮಣ್ಣಿಗೂ ನಡುವೆ ಬಿರುಕು ಬಿಟ್ಟು, ಆ ಬಿರುಕಿಗೆ ನೀರಿಳಿದು ಏರಿಯನ್ನೇ ಜಾರಿಸಿತು. ಅದನ್ನು ಕಟ್ಟಿದ ಸೇನಾ ಎಂಜಿನಿಯರ್ ದಳ ತಪ್ಪನ್ನು 2006ರಲ್ಲಿ ಒಪ್ಪಿಕೊಂಡಿತು. ‘ಪ್ರಕೃತಿ ವಿಕೋಪ’ ಎಂದರೆ ಇಲ್ಲಿನವರು ಈಗಲೂ ಸಿಡುಕುತ್ತಾರೆ.

ಜೆಂಟಿಲಿ ಬಡಾವಣೆಯ ವಾರಿಂಗ್ಟನ್ ಡ್ರೈವ್‌ನಲ್ಲಿ ಲಂಡನ್ ಅವೆನ್ಯೂ ಕಾಲುವೆ ಒಡೆದ ಜಾಗದಲ್ಲೇ ಪುಟ್ಟ ತೋಟ, ವಿವರಣೆಯ ಫಲಕಗಳಿವೆ. ಪಕ್ಕದ ಮನೆಯೊಳಗೆ ನೀರು ಇಳಿದ ಮೇಲಿನ ಸ್ಥಿತಿಯನ್ನೇ ಮತ್ತೆ ರೂಪಿಸಿಟ್ಟಿದ್ದಾರೆ, ಕಿಟಕಿಯಿಂದ ಇಣುಕಿ ನೋಡಬೇಕು. ಬಸ್ಸಿನಲ್ಲಿ ಕೂತು ಲೋಯರ್ ನೈಂತ್ ವಾರ್ಡಿನ ಖಾಲಿ ನಿವೇಶನ ತೋರಿಸುವ ಪ್ರವಾಸಕ್ಕಿಂತ ಇದು ಎಷ್ಟೋ ಮೇಲು. ಆ ವಾರ್ಡಿನಲ್ಲೇ ಹೆಸರಾಂತ ಗಾಯಕ, ಪಿಯಾನೊ ವಾದಕ ಫ್ಯಾಟ್ಸ್ ಡೊಮಿನೊ ಮನೆಯಿತ್ತು. ಆತನನ್ನು ದೋಣಿಯಲ್ಲಿ ಪಾರುಮಾಡಿದರು, ಪಿಯಾನೊಗಳು ನೀರಿನಲ್ಲಿ ಉಳಿದವು. ಕೆಲವು ಮನೆಗಳ ಗೋಡೆಯಲ್ಲಿ ರಕ್ಷಣಾ ತಂಡ ಬಳಿದ ‘ಎಕ್ಸ್’ ಗುರುತು ಇನ್ನೂ ಇದೆ. ಮೇಲೆ ತಾರೀಖು, ಎಡಕ್ಕೆ ತಂಡದ ಹೆಸರು, ಬಲಕ್ಕೆ ಅಪಾಯ, ಕೆಳಗೆ ಒಳಗೆ ಸಿಕ್ಕ ಜನರ ಲೆಕ್ಕ. ಮನೆಯವರು ಬೇಕೆಂದೇ ಉಳಿಸಿಕೊಂಡಿದ್ದಾರೆ, ಕೇಳದೆ ಅದರ ಮುಂದೆ ಸೆಲ್ಫಿ ಬೇಡ.

ಹೊಸ ಏರಿಗಳು 2021ರ ಆಗಸ್ಟ್ 29ರ ಐಡಾ ಚಂಡಮಾರುತವನ್ನು ತಡೆದವು. ಆದರೆ ಊರಿಗೆ ವಿದ್ಯುತ್ ತರುವ ಎಂಟೂ ಮಾರ್ಗ ಬಿದ್ದು ದಿನಗಟ್ಟಲೆ ಕತ್ತಲು. ಮುಂದೆ ಜಾಝ್ ದಿಗ್ಗಜನಾದ ಬಾಲಕ ಲೂಯಿ ಆರ್ಮ್‌ಸ್ಟ್ರಾಂಗ್‌ನಿಗೆ ಆಸರೆಯಾಗಿದ್ದ ಕಾರ್ನಾಫ್ಸ್ಕಿ ಕುಟುಂಬದ ರ‍್ಯಾಂಪಾರ್ಟ್ ಸ್ಟ್ರೀಟ್ ಅಂಗಡಿ ಆ ಗಾಳಿಗೇ ಕುಸಿಯಿತು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಆಗಸ್ಟ್ ಸೆಪ್ಟೆಂಬರ್ ಅದರ ನೆತ್ತಿ. ಹೋಗಲೇಬೇಕಿದ್ದರೆ ರದ್ದು ಮಾಡಬಹುದಾದ ಟಿಕೆಟ್ ಇರಲಿ, ನಗದೂ ಇರಲಿ. ಕರೆಂಟ್ ಇಲ್ಲದಿದ್ದರೆ ಎಟಿಎಂ ಕೂಡ ಇಲ್ಲ.

ಊಟದಲ್ಲಿ ಸಸ್ಯಾಹಾರಿಗಳಿಗೆ ಪಾಡು. ಗಂಬೊ ಎಂಬ ಹೆಸರೇ ಆಫ್ರಿಕಾದ ಬೆಂಡೆಕಾಯಿಯದು, ಎಷ್ಟೋ ಕಡೆ ಅದರ ಲೋಳೆಯೇ ಸಾರನ್ನು ಗಟ್ಟಿ ಮಾಡುತ್ತದೆ. ಹಾಗೆಂದು ನಂಬಬೇಡಿ, ಒಳಗೆ ಸಾಸೇಜ್, ಸೀಗಡಿ. ಸೋಮವಾರದ ರಾಜ್ಮಾ ಅನ್ನದಲ್ಲೂ ಹಂದಿಮಾಂಸ. ಚಿಕೋರಿ ಕಾಫಿ ಮಾತ್ರ ನಮ್ಮ ಮನೆಯದೇ ಅನಿಸುತ್ತದೆ, ಅರ್ಧ ಬಿಸಿ ಹಾಲು. ಜೊತೆಗೆ ಬರುವ ಬೆನ್ಯೆ ಮಂಗಳೂರು ಬನ್ಸ್‌ನ ದೂರದ ನೆಂಟ. ಕಚ್ಚುವಾಗ ಉಸಿರೆಳೆದರೆ ಸಕ್ಕರೆ ಪುಡಿ ಮೂಗಿಗೆ.

ಕೊನೆಗೆ ಮಳೆ. ಊರು ಮುಳುಗಲು ಚಂಡಮಾರುತವೇ ಬೇಕಿಲ್ಲ. ಪಂಪ್‌ಗಳು ಮೊದಲ ಗಂಟೆಗೆ ಒಂದು ಅಂಗುಲ, ಆಮೇಲೆ ಗಂಟೆಗೆ ಅರ್ಧ ಅಂಗುಲ ಮಳೆ ಎತ್ತುವಷ್ಟೇ. ಎಲ್ಲ ಪಂಪ್ ಓಡುತ್ತಿದ್ದರೆ ಆ ಲೆಕ್ಕ. 2017ರ ಆಗಸ್ಟ್ 5ರಂದು ಹಲವು ಕೆಟ್ಟಿದ್ದವು. ಆಮೇಲೆ ಚರಂಡಿ ತೋಡಿಸಿದಾಗ ಸೇಂಟ್ ಚಾರ್ಲ್ಸ್ ಅವೆನ್ಯೂದ ಐದು ಬ್ಲಾಕ್‌ಗಳಲ್ಲಿ ಸಿಕ್ಕಿದ್ದು 93,000 ಪೌಂಡ್ ಮಣಿಸರ. ಮಾರ್ಡಿ ಗ್ರಾ ಹಬ್ಬದ ಮೆರವಣಿಗೆಯಲ್ಲಿ ತೇರುಗಳಿಂದ ಎಸೆದದ್ದು. ಅದೇ ರಸ್ತೆಯ ನಡುವಿನ ಹುಲ್ಲುದಿಬ್ಬದಲ್ಲಿ 1835ರಿಂದ ಟ್ರಾಮ್ ಓಡುತ್ತದೆ, ಆ ದಿಬ್ಬಕ್ಕೆ ಇಲ್ಲಿ ‘ನ್ಯೂಟ್ರಲ್ ಗ್ರೌಂಡ್’ ಎಂದು ಹೆಸರು. ಭಾರೀ ಮಳೆಯ ಮುನ್ಸೂಚನೆ ಇದ್ದಾಗ ನಗರಾಡಳಿತ ಅದರ ಮೇಲೆ ಕಾರು ನಿಲ್ಲಿಸಲು ಬಿಡುತ್ತದೆ. ಬಾಡಿಗೆ ಕಾರಿದ್ದರೆ ನೀವೂ ಹತ್ತಿಸಿ. ಹಳಿಗೆ ಮಾತ್ರ ಅಡ್ಡವಾಗದಿರಲಿ.