ಪ್ರಾಜೆಕ್ಟ್ ಡೈರಿ: ಒಂದು ಪೆನ್‌ಡ್ರೈವ್, ಎರಡು ಗಡಿಯಾರ

ಸೈಬರ್ ಸೆಕ್ಯುರಿಟಿ ಮತ್ತು ಡಿಜಿಟಲ್ ಫೋರೆನ್ಸಿಕ್ಸ್ ಸ್ನಾತಕೋತ್ತರ ಓದಿನ ಎರಡನೇ ಸೆಮಿಸ್ಟರ್ ಇದು. ಪ್ರಾಜೆಕ್ಟ್ ಹೀಗಿದೆ. ನನ್ನ ಸಹಪಾಠಿ ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು 8 ಜಿಬಿ ಪೆನ್‌ಡ್ರೈವ್ ಇಟ್ಟುಕೊಂಡು ಕೆಲವು ದಿನ ಫೈಲ್ ಕಾಪಿ ಮಾಡುತ್ತಾಳೆ, ಅಳಿಸುತ್ತಾಳೆ, ಹೆಸರು ಬದಲಿಸುತ್ತಾಳೆ. ಯಾವುದನ್ನು ಯಾವಾಗ ಮಾಡಿದಳು ಅಂತ ಹಾಳೆಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸುತ್ತಾಳೆ. ನಾನು ಡಿಸ್ಕ್ ಮಾತ್ರ ನೋಡಿ ಆ ದಿನಗಳಲ್ಲಿ ನಡೆದದ್ದನ್ನು ಹೇಳಬೇಕು.

ವಾರ 1

ಈ ವಾರ ಪೂರ್ತಿ ಕೈಬಿಟ್ಟು ಹೋಯಿತು. ರೈಟ್ ಬ್ಲಾಕರ್ (ಡ್ರೈವಿಗೆ ಏನೂ ಬರೆಯದಂತೆ ತಡೆಯುವ ಸಾಧನ) ಇಲ್ಲದೆ ಪೆನ್‌ಡ್ರೈವ್ ಅನ್ನು ಕಂಪ್ಯೂಟರಿಗೆ ಚುಚ್ಚಿ, ಸುಮ್ನೆ ಒಂದೆರಡು ಫೋಟೊ ತೆರೆದು ನೋಡಿದೆ. ಆಮೇಲೆ ಎಸ್‌ಎಚ್‌ಎ-256 ಹ್ಯಾಶ್ (ಡ್ರೈವಿನಲ್ಲಿರುವ ಎಲ್ಲದರಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಸಂಖ್ಯೆ) ತೆಗೆದರೆ, ಅವಳು ಕೊಡುವ ಮೊದಲು ತೆಗೆದಿಟ್ಟಿದ್ದ ಹ್ಯಾಶ್‌ಗೆ ಅದು ಹೊಂದಲಿಲ್ಲ. ನಾವು ಏನೂ ಬರೆಯದಿದ್ದರೂ ಆಪರೇಟಿಂಗ್ ಸಿಸ್ಟಮ್ ತನ್ನಷ್ಟಕ್ಕೆ ಡ್ರೈವಿಗೆ ಬರೆಯಬಹುದು. ಒಂದೇ ಒಂದು ಬಿಟ್ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಎಲ್ಲಿ ಬದಲಾಯಿತು, ಎಷ್ಟು ಬದಲಾಯಿತು ಅಂತ ಅದು ಹೇಳುವುದಿಲ್ಲ. ಪಾಪ, ಅವಳು ಎಲ್ಲವನ್ನೂ ಮೊದಲಿಂದ ಮಾಡಿಕೊಟ್ಟಳು.

ವಾರ 2

ರೈಟ್ ಬ್ಲಾಕರ್ ಹಾಕಿ ಎರಡೂ ಡಿಸ್ಕ್‌ಗಳ ಇಮೇಜ್ (ಒಂದು ಬಿಟ್ಟೂ ಬಿಡದ ಪೂರ್ತಿ ನಕಲು) ತೆಗೆದೆ. ಹ್ಯಾಶ್ ಹೊಂದಿತು. ಮೂಲ ಡಿಸ್ಕ್‌ಗಳು ಬೀರುವಿಗೆ ಹೋದವು.

ವಾರ 3

ಅಳಿಸಿದ ಫೋಟೊಗಳ ವಾರ. ಪೆನ್‌ಡ್ರೈವ್ ಫ್ಯಾಟ್32ದ್ದು, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ಒಂದು ಹಳೆಯ ಪದ್ಧತಿಯದ್ದು. ಅದರಲ್ಲಿ ಫೈಲ್ ಅಳಿಸಿದರೆ ಹೆಸರಿನ ಮೊದಲ ಬೈಟ್ ಇ5 (ಅಳಿಸಿದೆ ಅನ್ನುವ ಗುರುತು) ಆಗುತ್ತದೆ. ಸಮಯ, ಗಾತ್ರ, ಶುರುವಿನ ಕ್ಲಸ್ಟರ್ (ಫೈಲ್ ತುಂಬಿಡುವ ಡಿಸ್ಕಿನ ಚಿಕ್ಕ ತುಂಡು) ಇವೆಲ್ಲ ಸಾಮಾನ್ಯವಾಗಿ ಉಳಿದಿರುತ್ತವೆ. ಅಳಿದುಹೋಗುವುದು ಕ್ಲಸ್ಟರ್‌ಗಳ ಸರಪಳಿ. ಅಂದರೆ ಫೈಲ್ ಎಲ್ಲಿ ಶುರು, ಎಷ್ಟು ಉದ್ದ ಅಂತ ಗೊತ್ತು, ನಡುವಿನ ದಾರಿ ಮಾತ್ರ ಗೊತ್ತಿಲ್ಲ.

ಮೂರರಲ್ಲಿ ಎರಡು ಫೋಟೊ ಸಲೀಸಾಗಿ ಬಂದವು. ಮೂರನೆಯದರ ಮೇಲಿನ ಭಾಗ ಸರಿಯಿತ್ತು, ಕೆಳಗೆ ಬರೀ ಬಣ್ಣದ ಚೂರುಗಳು. ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಎರಡು ರಾತ್ರಿ ಕೂತೆ. ನಡುವೆ ಬೇರೊಂದು ಫೈಲಿನ ಕ್ಲಸ್ಟರ್‌ಗಳಿದ್ದವು. ಅವನ್ನು ದಾಟಿ ಮುಂದಿನ ಖಾಲಿ ಕ್ಲಸ್ಟರ್‌ನಿಂದ ಜೋಡಿಸಿದಾಗ ಚಿತ್ರ ಕೊನೆಯವರೆಗೂ ಬಂತು. ಆ ಖುಷಿ ಹೇಳತೀರದು! ಆದರೆ ಈ ಜೋಡಣೆ ನನ್ನ ಊಹೆ, ಡಿಸ್ಕ್ ಹೇಳಿದ್ದಲ್ಲ. ಅದನ್ನೂ ವರದಿಯಲ್ಲಿ ಬರೆದೆ.

ವಾರ 5

ಟೈಮ್‌ಲೈನ್ ಕಟ್ಟಲು ಕೂತೆ. ಲ್ಯಾಪ್‌ಟಾಪಿನಲ್ಲಿ ಫೈಲ್ ಹುಟ್ಟುವ ಎಷ್ಟೋ ಗಂಟೆ ಮೊದಲೇ ಅದರ ಕಾಪಿ ಪೆನ್‌ಡ್ರೈವ್‌ನಲ್ಲಿತ್ತು. ಸಾಧ್ಯವೇ ಇಲ್ಲ, ಅಲ್ವಾ? ಯಾರೋ ಗಡಿಯಾರ ತಿರುಚಿದ್ದಾರೆ ಅಂದುಕೊಂಡು ಎರಡು ಪುಟ ಬರೆದೂಬಿಟ್ಟೆ.

ಕಾರಣ ಬೇರೆಯೇ ಇತ್ತು. ಲ್ಯಾಪ್‌ಟಾಪಿನ ಎನ್‌ಟಿಎಫ್‌ಎಸ್ (ಫೈಲ್ ಜೋಡಿಸಿಡುವ ಇನ್ನೊಂದು ಪದ್ಧತಿ), ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಇಡುತ್ತದೆ. 1601ರ ಜನವರಿ 1ರಿಂದ 100 ನ್ಯಾನೋಸೆಕೆಂಡ್‌ಗಳ ಲೆಕ್ಕದಲ್ಲಿ ಎಣಿಸುತ್ತಾ ಬರುತ್ತದೆ. ಫ್ಯಾಟ್32 ಹಾಗಲ್ಲ. ಕಂಪ್ಯೂಟರಿನ ಗಡಿಯಾರ ಆಗ ಏನು ತೋರಿಸುತ್ತಿತ್ತೋ ಅದನ್ನೇ ಬರೆದಿಡುತ್ತದೆ. ಬದಲಾವಣೆಯ ಸಮಯವನ್ನು 2 ಸೆಕೆಂಡಿನ ಹೆಜ್ಜೆಯಲ್ಲಿ ಇಡುತ್ತದೆ. ಕೊನೆಯ ಸಲ ತೆರೆದದ್ದಕ್ಕಂತೂ ಬರೀ ದಿನಾಂಕ. ನಾನು ಬಳಸಿದ ಆಟಾಪ್ಸಿ ಟೂಲ್, ಇಮೇಜ್ ಸೇರಿಸುವಾಗ ಟೈಮ್ ಝೋನ್ ಕೇಳಿತ್ತು. ನಾನು ಇದ್ದದ್ದನ್ನು ಹಾಗೇ ಬಿಟ್ಟಿದ್ದೆ. ಅದು ಲ್ಯಾಪ್‌ಟಾಪಿನ ಝೋನ್‌ಗೆ ಹೊಂದದೆ ಪೆನ್‌ಡ್ರೈವ್‌ನ ಸಮಯಗಳು ಹಿಂದೆ ಸರಿದು ಕಂಡಿದ್ದವು.

ಲ್ಯಾಪ್‌ಟಾಪಿನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಟೈಮ್ ಝೋನ್ ಹುಡುಕಿ ಸರಿ ಮಾಡಿದೆ. ಎಲ್ಲ ಸಾಲಾಗಿ ಕೂತವು. ಪೆನ್‌ಡ್ರೈವ್ ಮೊದಲ ಸಲ ಚುಚ್ಚಿದ ಸಮಯ ವಿಂಡೋಸಿನ ಸೆಟಪ್ ಲಾಗ್‌ನಲ್ಲಿ ಸಿಕ್ಕಿತು, ಅದೂ ಇದಕ್ಕೆ ಹೊಂದಿತು. ಒಂದು ಫೈಲ್ ಮಾತ್ರ ಹುಟ್ಟುವ ಮೊದಲೇ ಬದಲಾಗಿತ್ತು. ಅದು ತಪ್ಪಲ್ಲ. ವಿಂಡೋಸಿನಲ್ಲಿ ಕಾಪಿ ಮಾಡಿದಾಗ ಹುಟ್ಟಿದ ಸಮಯ ಹೊಸದಾಗುತ್ತದೆ, ಬದಲಾವಣೆಯ ಸಮಯ ಹಳೆಯದೇ ಉಳಿಯುತ್ತದೆ. ಕಾಪಿ ಆಗಿದೆ ಅನ್ನುವುದಕ್ಕೆ ಅದೇ ಒಳ್ಳೆಯ ಗುರುತು.

ವಾರ 6

ಲಕೋಟೆ ತೆರೆದೆವು. ಹಾಳೆಯಲ್ಲಿ 14 ಸಾಲು. 12 ಹೊಂದಿದವು. ಒಂದು ಹೆಸರು ಬದಲಾವಣೆ ನನಗೆ ಕಂಡಿತ್ತು, ಯಾವಾಗ ಅಂತ ಹೇಳಲಾಗಲಿಲ್ಲ. ಫ್ಯಾಟ್‌ನಲ್ಲಿ ಅದಕ್ಕೆ ಸಮಯ ಬರೆಯುವ ಜಾಗವೇ ಇಲ್ಲ.

ಇನ್ನೊಂದು ನಿಜವಾದ ತಪ್ಪು. ಮೂರನೇ ಫೋಟೊವನ್ನು ಕಾಪಿ ಮಾಡಿದ ಕೂಡಲೇ ಅಳಿಸಲಾಗಿದೆ ಅಂತ ಬರೆದಿದ್ದೆ. ಅವಳು ಅಳಿಸಿದ್ದು ಎರಡು ದಿನ ಬಿಟ್ಟು. ಫ್ಯಾಟ್‌ನಲ್ಲಿ ಅಳಿಸಿದ ಸಮಯವೂ ದಾಖಲಾಗುವುದಿಲ್ಲ. ಪಕ್ಕದ ಸಾಲಿನ ಸಮಯ ನೋಡಿ ನಾನೇ ಕಥೆ ಜೋಡಿಸಿದ್ದೆ. ಇದೇ ನನ್ನನ್ನು ಜಾಸ್ತಿ ಕಾಡಿದ್ದು. ನಿಜವಾದ ಪ್ರಕರಣದಲ್ಲಿ ಆ ಎರಡು ದಿನ ಪೆನ್‌ಡ್ರೈವ್ ಬೇರೆ ಯಾರ ಕೈಯಲ್ಲೋ ಇದ್ದಿರಬಹುದಿತ್ತು.

ಆ ಸಾಲನ್ನು ಹೀಗೆ ತಿದ್ದಿದೆ: ‘ಕಾಪಿಯಾದ ನಂತರ, ಪೆನ್‌ಡ್ರೈವ್ ಪರೀಕ್ಷೆಗೆ ಬರುವ ಮೊದಲು ಅಳಿಸಲಾಗಿದೆ.’ ಈಗ ವರದಿಯ ಉಳಿದ 13 ಸಾಲುಗಳನ್ನೂ ಇದೇ ಕಣ್ಣಿನಿಂದ ಮತ್ತೆ ಓದುತ್ತಿದ್ದೇನೆ. ನಾಲ್ಕು ಮುಗಿದಿವೆ, ಒಂದರಲ್ಲಿ ‘ಕೂಡಲೇ’ ಅನ್ನುವ ಪದ ತೆಗೆದೆ.