ಮಡೈರಾದಲ್ಲಿ ಫೆಬ್ರವರಿಗೆ ಸಮುದ್ರಕ್ಕಿಳಿಯಬಹುದಾ?

ಯುರೋಪಿನಲ್ಲಿರುವ ಕನ್ನಡಿಗರಿಂದ ಚಳಿಗಾಲ ಬಂತೆಂದರೆ ಬರುವ ಪ್ರಶ್ನೆ ಇದು: "ನಾಲ್ಕು ದಿನ ಮಡೈರಾಗೆ ಹೋಗ್ತಿದ್ದೀವಿ. ಸಮುದ್ರಕ್ಕೆ ಇಳಿಯೋಕಾಗುತ್ತಾ, ಬರೀ ಬೆಟ್ಟ ಹತ್ತಿ ಬರಬೇಕಾ?"

ಮಡೈರಾ ಅಂದರೆ ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗಲ್‌ನ ಬೆಟ್ಟಗುಡ್ಡದ ದ್ವೀಪ. ಸಮುದ್ರಕ್ಕೆ ಇಳಿಯಬಹುದು. ಎರಡೂ ಮಾಡಬಹುದು. ಆದರೆ ಯಾವುದು ಮೊದಲು ಅನ್ನೋ ಸರದಿ ತಪ್ಪಬಾರದು.

ನೀರಿನ ಲೆಕ್ಕ ಮೊದಲು. ಫೆಬ್ರವರಿ, ಮಾರ್ಚ್‌ನಲ್ಲಿ ಸಮುದ್ರ ಸುಮಾರು 18 ಡಿಗ್ರಿ, ಸೆಪ್ಟೆಂಬರ್‌ನಲ್ಲಿ 23-24. ನೇತ್ರಾಣಿಯ ಬೆಚ್ಚನೆ ನೀರಿನಲ್ಲಿ ಸ್ಕೂಬಾ ಡೈವ್ ಮಾಡಿ ಅಭ್ಯಾಸವಾದವರಿಗೆ ಇದು ಐಸ್ ನೀರೇ. 5 ಮಿ.ಮೀ. ದಪ್ಪದ ವೆಟ್‌ಸೂಟ್ (ಡೈವಿಂಗ್‌ಗೆ ಹಾಕುವ ರಬ್ಬರ್ ಉಡುಪು) ಕೇಳಿ ತಗೊಳ್ಳಿ, ಅಳತೆಯಲ್ಲಿ ಬಿಗಿ ಇರಲಿ. ಸೂಟಿನೊಳಗೆ ಸೇರುವ ತೆಳು ನೀರಿನ ಪದರ ಮೈಶಾಖಕ್ಕೆ ಬಿಸಿಯಾಗಿ ನಿಲ್ಲಬೇಕು. ಸೂಟು ದೊಗಲೆಯಾದರೆ ಪ್ರತಿ ಸಲ ಕೈ ಬೀಸಿದಾಗಲೂ ಆ ನೀರು ಹೊರಹೋಗಿ ತಣ್ಣೀರು ಒಳನುಗ್ಗುತ್ತದೆ, ಆಗ ಹತ್ತೇ ನಿಮಿಷಕ್ಕೆ ಹಲ್ಲು ಕಟಕಟ.

ಡೈವಿಂಗ್‌ಗೆ ಹೆಚ್ಚಿನವರು ಹೋಗುವುದು ರಾಜಧಾನಿ ಫುಂಶಾಲ್‌ನ ಪೂರ್ವಕ್ಕಿರುವ ಗರಜಾವ್‌ಗೆ. 1986ರಿಂದ ಸಂರಕ್ಷಿತ ಕಡಲು, ಮೀನು ಹಿಡಿಯುವಂತಿಲ್ಲ. ಹಾಗಾಗಿ ಮೇರು ಎಂಬ ಗ್ರೂಪರ್ ಜಾತಿಯ ಭಾರೀ ಮೀನುಗಳು ಮನುಷ್ಯರಿಗೆ ಹೆದರದೆ ಹತ್ತಿರವೇ ಬರುತ್ತವೆ.

ಸರದಿಯ ಮಾತು ಬರುವುದು ಇಲ್ಲೇ. ಪೀಕೊ ದೊ ಅರಿಯೇರೊ ಶಿಖರ 1,818 ಮೀಟರ್. ಫುಂಶಾಲ್‌ನಿಂದ ಕಾರಿನಲ್ಲಿ ಒಂದು ಗಂಟೆಯೂ ಬೇಡ. ಡೈವ್ ಮಾಡುವಾಗ ಮೈಯಲ್ಲಿ ಕರಗಿದ ನೈಟ್ರೋಜನ್ ನಿಧಾನಕ್ಕೆ ಹೊರಹೋಗಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ, ಅದು ಗುಳ್ಳೆಯಾಗಿ ಕೀಲು, ನರಗಳಿಗೆ ತೊಂದರೆ ಕೊಡುತ್ತದೆ. ವಿಮಾನ ಹತ್ತುವವರಿಗೆ ಹೇಳುವ ನಿಯಮವೇ 600 ಮೀಟರಿಗಿಂತ ಮೇಲಿನ ಬೆಟ್ಟಕ್ಕೂ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ. ಮಧ್ಯಾಹ್ನ 3ಕ್ಕೆ ಎರಡನೇ ಡೈವ್ ಮುಗಿಸಿ ಮರುದಿನ 7ಕ್ಕೆ ಸೂರ್ಯೋದಯ ನೋಡಲು ಶಿಖರದಲ್ಲಿದ್ದರೆ 16 ಗಂಟೆ. ಸಾಲದು. ವಿಮಾನದ ಬಗ್ಗೆ ಎಲ್ಲರೂ ಎಚ್ಚರ ಇರ್ತಾರೆ, ಕಾರು ಹತ್ತುವಾಗ ಮರೀತಾರೆ.

ಆದ್ದರಿಂದ ಮೊದಲ ದಿನ ಬೆಟ್ಟ, ಎರಡನೇ ದಿನ ಡೈವ್, ಮೂರನೇ ದಿನ ಕಡಲ ಮಟ್ಟದಲ್ಲೇ ಏನಾದರೂ, ನಾಲ್ಕನೇ ದಿನ ವಿಮಾನ. ಬೆಳಗ್ಗೆ ಬೆಟ್ಟ ಇಳಿದು ಮಧ್ಯಾಹ್ನ ಡೈವ್ ಮಾಡಿದರೂ ತೊಂದರೆಯಿಲ್ಲ. ಉಲ್ಟಾ ಮಾತ್ರ ಬೇಡ.

ಮೂರನೇ ದಿನಕ್ಕೆ ಪೋರ್ತು ಮೊನೀಜ್‌ನ ಲಾವಾ ಕೊಳಗಳು ಚೆನ್ನ. ಭರತಕ್ಕೆ ಸಮುದ್ರದ ನೀರೇ ತುಂಬಿಕೊಳ್ಳುತ್ತದೆ. ಆದರೆ ಅದು ವಾಯವ್ಯ ಮೂಲೆ, ಚಳಿಗಾಲದ ದೊಡ್ಡ ಅಲೆ ನೇರ ಬಂದು ಬಡಿಯುವುದು ಅಲ್ಲಿಗೇ. ಮುನ್ಸೂಚನೆಯಲ್ಲಿ ಅಲೆಯ ಎತ್ತರ ಮಾತ್ರ ನೋಡಬೇಡಿ, ಎರಡು ಅಲೆಗಳ ನಡುವಿನ ಸೆಕೆಂಡು ನೋಡಿ. 2 ಮೀಟರ್, 14 ಸೆಕೆಂಡು ಅಂದರೆ 2 ಮೀಟರ್, 7 ಸೆಕೆಂಡಿಗಿಂತ ಬಹಳ ಬಲದ ಅಲೆ. ಕೆಂಪು ಬಾವುಟ ಇದ್ದರೆ ದಕ್ಷಿಣಕ್ಕೆ ಬನ್ನಿ: ಕಲ್ಯೇತಾದಲ್ಲಿ ತಂದು ಸುರಿದ ಹಳದಿ ಮರಳಿನ ಚಿಕ್ಕ ಬೀಚ್ ಇದೆ, ತಡೆಗೋಡೆ ಇರುವುದರಿಂದ ಮಕ್ಕಳಿಗೂ ಸರಿ.

ಬೆಟ್ಟದ ದಿನಕ್ಕೆ ಲೆವಾದಾ ನಡಿಗೆ. ಲೆವಾದಾ ಅಂದರೆ ಮಳೆ ಹೆಚ್ಚಿರುವ ಉತ್ತರದ ನೀರನ್ನು ಒಣ ದಕ್ಷಿಣಕ್ಕೆ ಒಯ್ಯುವ ಕಾಲುವೆ. ನಮ್ಮ ಮಲೆನಾಡಿನ ತೋಟದ ಕಾಲುವೆಯನ್ನೇ ಕಡಿದಾದ ಬಂಡೆಗೆ ಅಂಟಿಸಿದ ಹಾಗೆ. ಕೆಯ್ಮಾದಸ್‌ನಿಂದ ಕಾಲ್ದೆಯ್ರಾವ್ ವೆರ್ದೆ ಜಲಪಾತಕ್ಕೆ ಒಂದು ಕಡೆಗೆ 6.5 ಕಿ.ಮೀ. ಏರು ಹೆಚ್ಚಿಲ್ಲ, ಆದರೆ ನಡುವೆ ಸುರಂಗಗಳಿವೆ. ಸುರಂಗದ ಸೂರು ತಗ್ಗು, ನೆಲದಲ್ಲಿ ನೀರು. ಮೊಬೈಲ್ ಬೆಳಕು ಹಿಡಿದರೆ ಒಂದು ಕೈ ಹೋಯ್ತು, ಇನ್ನೊಂದರಲ್ಲಿ ದಾರಿಯಂಚಿನ ತಂತಿಬೇಲಿ ಹಿಡಿಯೋದಾ, ತಲೆ ಕಾಯೋದಾ? ತಲೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು. ಎದುರಿಗೆ ಜನ ಬಂದರೆ ನೀವು ಬಂಡೆ ಕಡೆಗೆ ಸರಿದು ನಿಲ್ಲಿ, ಕಣಿವೆ ಕಡೆಗಲ್ಲ. ಕಾಲುವೆಗೆ ಕಾಲಿಟ್ಟರೆ ಶೂ ಒದ್ದೆ, ಅಷ್ಟೇ. ದ್ವೀಪದಲ್ಲಿ ಹಾವಿಲ್ಲ, ಆ ಭಯ ಬೇಡ.

ಫುಂಶಾಲ್‌ನಲ್ಲಿ ಟೀಶರ್ಟ್ ಸಾಕಾದ ದಿನವೇ ಅರಿಯೇರೊದಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚು ಇಳಿದಿರುತ್ತದೆ, ಗಾಳಿ ಬೇರೆ. ಮಳೆ ಬಿದ್ದ ಮರುದಿನ ಕಲ್ಲು ಉರುಳಿ ದಾರಿ ಮುಚ್ಚುವುದು ಮಾಮೂಲು. ಯಾವ ದಾರಿ ತೆರೆದಿದೆ ಅನ್ನೋ ಸರ್ಕಾರದ ಪಟ್ಟಿಯನ್ನು ಹಿಂದಿನ ರಾತ್ರಿಯೇ ನೋಡಿ. ಹೊರಗಿನವರಿಗೆ ಶುಲ್ಕವೂ ಇದೆ, ಆನ್‌ಲೈನ್‌ನಲ್ಲೇ ಕಟ್ಟಿಬಿಡಿ.