ಪ್ಲಗ್ ತೆಗೆದ ಮೇಲೆ ಏಳದ ವಿಸಿಆರ್

ಹೋದ ವರ್ಷ ದಸರಾ ಮುಗಿದ ವಾರ ನಮ್ಮ ರಿಪೇರಿ ಅಂಗಡಿಗೆ ವಿಡಿಯೋ ಕ್ಯಾಸೆಟ್ ಹಾಕಿ ನೋಡುವ ಒಂದು ಹಳೆಯ ವಿಸಿಆರ್ ಬಂತು. ತಂದವರು ನಿವೃತ್ತ ಮೇಷ್ಟ್ರು. ಹಾಸಿಗೆ ಹೊದಿಕೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದಿದ್ದರು. ಜೊತೆಗೆ ಒಂದು ಕ್ಯಾಸೆಟ್ ಇತ್ತು. 1992ರಲ್ಲಿ ನಡೆದ ಮಗಳ ಮದುವೆಯದು.

"ನೋಡಪ್ಪಾ, ಇದು ಒಂದು ದಿನಾನೂ ಕೆಟ್ಟಿರ್ಲಿಲ್ಲ. ಹಬ್ಬಕ್ಕೆ ಗೋಡೆಗೆ ಬಣ್ಣ ಹೊಡೆಸಿದ್ವಿ. ಆಗ ಪ್ಲಗ್ ತೆಗೆದು ಪಕ್ಕಕ್ಕಿಟ್ಟೆ. ನಾಲ್ಕು ದಿನ ಬಿಟ್ಟು ಹಾಕಿದ್ರೆ ಗಡಿಯಾರಾನೂ ಬರ್ತಿಲ್ಲ" ಎಂದರು.

ನಮ್ಮ ಹುಡುಗ ಅದನ್ನು ರಿಜಿಸ್ಟರ್‌ನಲ್ಲಿ ಬರೆದುಕೊಂಡ. ನಾನು ತಲೆಯಾಡಿಸಿದೆ, ಅಷ್ಟೇ. ರೋಗ ಎಲ್ಲಿದೆ ಅಂತ ಮೇಷ್ಟ್ರು ಬಾಗಿಲಲ್ಲೇ ಹೇಳಿಬಿಟ್ಟಿದ್ದರು. ನನಗೆ ಅದು ಗೊತ್ತಾಗಿದ್ದು ಮೂರನೇ ದಿನ.

ನಮ್ಮದು ಹಾಸನ ಕಡೆಯ ಸಣ್ಣ ಊರು. ಈಗ ಬೆಂಚಿನ ಮೇಲೆ ಜಾಸ್ತಿ ಇರುವುದು ಸಿಸಿಟಿವಿ ಡಿವಿಆರ್, ಸೆಟ್‌ಟಾಪ್ ಬಾಕ್ಸ್, ಎಲ್‌ಇಡಿ ಟಿವಿ. ವಿಸಿಆರ್ ಎರಡು ಮೂರು ತಿಂಗಳಿಗೊಂದು ಬಂದರೆ ಹೆಚ್ಚು. ಜಪಾನಿನ ಫುನಾಯ್ ಕಂಪನಿ ಕೊನೆಯವರೆಗೂ ವಿಸಿಆರ್ ಮಾಡುತ್ತಿತ್ತು, ಅದೂ 2016ರ ಜುಲೈನಲ್ಲಿ ನಿಲ್ಲಿಸಿತು. ಹೊಸದು ಬರುವುದಿಲ್ಲ. ಮನೆಗಳಲ್ಲಿ ಉಳಿದಿರುವ ಸೆಟ್‌ಗಳು ಇನ್ನು ರಿಪೇರಿಯಲ್ಲೇ ಬದುಕಬೇಕು. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಎಷ್ಟೋ ಮನೆಗಳ ಬೀರುವಿನಲ್ಲಿ ಕ್ಯಾಸೆಟ್ ಇದೆ, ನೋಡಲು ಯಂತ್ರ ಇಲ್ಲ. ಅದಕ್ಕೇ ವಿಸಿಆರ್ ಬಂದರೆ ನಾನು "ಹಳೇದಾಯ್ತು, ಬಿಡಿ" ಎಂದು ವಾಪಸ್ ಕಳಿಸುವುದಿಲ್ಲ.

ಮುಚ್ಚಳ ಬಿಚ್ಚಿದೆ. ಫ್ಯೂಸ್ ಚೆನ್ನಾಗಿತ್ತು. ಫ್ಯೂಸ್ ಕಪ್ಪಾಗಿ ಸಿಡಿದಿದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ, ಬ್ರಿಡ್ಜ್ ಡಯೋಡೋ ಸ್ವಿಚಿಂಗ್ ಟ್ರಾನ್ಸಿಸ್ಟರೋ ಹೋಗಿದೆ ಅಂತ ಹುಡುಕಬೇಕು. ಫ್ಯೂಸ್ ಉಳಿದೂ ಸೆಟ್ ಡೆಡ್ ಆಗಿದ್ದರೆ, ಸೆಟ್ಟಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಪವರ್ ಸಪ್ಲೈ ಶುರುವೇ ಆಗುತ್ತಿಲ್ಲ ಎಂದು ಯೋಚಿಸಬೇಕು. ಶಾರ್ಟ್ ಇದ್ದರೆ ಬಲ್ಬ್ ಉರಿದು ತೋರಿಸುವ ಸೀರೀಸ್ ಬೋರ್ಡಿನಲ್ಲಿ 60 ವ್ಯಾಟ್ ಬಲ್ಬ್ ಹಾಕಿ ಕರೆಂಟ್ ಕೊಟ್ಟೆ. ಬಲ್ಬ್ ಒಮ್ಮೆ ಮಿಂಚಿ ಆರಿತು. ಶಾರ್ಟ್ ಇಲ್ಲ. ಕರೆಂಟ್ ತುಂಬಿಟ್ಟುಕೊಳ್ಳುವ ದೊಡ್ಡ ಫಿಲ್ಟರ್ ಕೆಪಾಸಿಟರ್ ಮೇಲೆ 320 ವೋಲ್ಟ್ ಡಿಸಿ ಇತ್ತು. ನಮ್ಮ ಮನೆಯ 230 ವೋಲ್ಟ್ ಎಸಿಯನ್ನು ಡಯೋಡ್‌ನಿಂದ ಡಿಸಿ ಮಾಡಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್‌ನ ಆಚೆ ಕಡೆ 5 ವೋಲ್ಟ್ ಇಲ್ಲ, 12 ವೋಲ್ಟ್ ಇಲ್ಲ, ಡಿಸ್‌ಪ್ಲೇಗೆ ಹೋಗುವ ಮೈನಸ್ ವೋಲ್ಟೇಜೂ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೆಲಸ ಕಲಿಯುವ ಹುಡುಗರು ಓದುತ್ತಿದ್ದರೆ ದಯವಿಟ್ಟು ಗಮನವಿಟ್ಟು ಓದಿ. ಚೆನ್ನಾಗಿರುವ ಸಪ್ಲೈ ಪ್ಲಗ್ ತೆಗೆದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಆ ದೊಡ್ಡ ಕೆಪಾಸಿಟರನ್ನು ತಾನೇ ಖಾಲಿ ಮಾಡಿಬಿಡುತ್ತದೆ. ಡೆಡ್ ಸಪ್ಲೈ ಖಾಲಿ ಮಾಡುವುದಿಲ್ಲ. ಪ್ಲಗ್ ಕೈಯಲ್ಲೇ ಹಿಡಿದಿದ್ದರೂ ಬೋರ್ಡಿನಲ್ಲಿ 300 ವೋಲ್ಟ್ ಕಾಯುತ್ತಾ ಕೂತಿರುತ್ತದೆ. ನಮ್ಮ ಹುಡುಗ ಮೊದಲ ತಿಂಗಳಲ್ಲಿ ಹೀಗೇ ಒಮ್ಮೆ ಹೊಡೆಸಿಕೊಂಡ. ಅವನ ಕೈ ಅರ್ಧ ಗಂಟೆ ನಡುಗುತ್ತಿತ್ತು, ನನ್ನ ಎದೆ ಅದಕ್ಕಿಂತ ಜಾಸ್ತಿ ಹೊತ್ತು. ಅವತ್ತಿನಿಂದ ಬೆಂಚಿನ ಪಕ್ಕ ಹೋಲ್ಡರ್‌ಗೆ ಎರಡು ವೈರ್ ಕಟ್ಟಿದ ಬಲ್ಬ್ ಇಟ್ಟಿದ್ದೇವೆ. ಕೆಪಾಸಿಟರ್‌ನ ಎರಡು ಕಾಲಿಗೆ ಅದನ್ನು ಮುಟ್ಟಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕುವುದು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡ. ಇನ್ನೊಂದು, ಮೇನ್ಸ್ ಕಡೆ ಅಳೆಯುವಾಗ ಮೀಟರಿನ ಕಪ್ಪು ಪಿನ್ ಆ ದೊಡ್ಡ ಕೆಪಾಸಿಟರ್‌ನ ಮೈನಸ್ ಕಾಲಿನ ಮೇಲೆ ಇರಬೇಕು. ಚಾಸಿಸ್‌ಗೆ ಇಟ್ಟರೆ ಬರುವ ಅಂಕಿ ಸುಳ್ಳು.

ಸರಿ, ಮುಂದಿನದು ಸಪ್ಲೈಯನ್ನು ನಡೆಸುವ ಚಿಪ್, ಕಂಟ್ರೋಲ್ ಐಸಿ. ಎಂಟು ಕಾಲಿನ 3842. ಅದರ ಸಪ್ಲೈ ಕಾಲಿನಲ್ಲಿ ವೋಲ್ಟೇಜ್ ಒಂದು ಕಡೆ ನಿಲ್ಲುತ್ತಿರಲಿಲ್ಲ. ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಐಸಿಯೇ ಒಳಗೆ ಲೀಕ್ ಆಗಿ ವೋಲ್ಟೇಜನ್ನು ಎಳೆಯುತ್ತಿದೆ ಎಂದು ತೀರ್ಮಾನಿಸಿದೆ. ಪಕ್ಕದಲ್ಲಿದ್ದ 47 ಮೈಕ್ರೋಫ್ಯಾರಡ್‌ನ ಸಣ್ಣ ಕೆಪಾಸಿಟರನ್ನೂ ಬಿಚ್ಚಿ ಮಲ್ಟಿಮೀಟರಿಗೆ ಹಾಕಿದೆ. 38 ತೋರಿಸಿತು. ಶೇಕಡಾ 20 ಹೆಚ್ಚುಕಡಿಮೆ ಇರಬಹುದು ಎಂಬ ಲೆಕ್ಕ ಇದೆಯಲ್ಲ, ಪಾಸ್ ಎಂದು ವಾಪಸ್ ಬೆಸೆದೆ.

ಬೆಂಗಳೂರಿನ ಎಸ್‌.ಪಿ. ರೋಡ್‌ನಿಂದ ಎರಡು ಐಸಿ ತರಿಸಿದೆ. ಒಂದು ಹಾಕಿದೆ. ಡೆಡ್. ಇನ್ನೊಂದು ಹಾಕಿದೆ. ಡೆಡ್. ಬೋರ್ಡಿನ ತಾಮ್ರದ ಗೆರೆ ಕೂಡ ಎರಡು ಸಲ ಬಿಸಿ ತಿಂದು ಒಂದು ಕಡೆ ಎದ್ದುಬಂತು. ಅಲ್ಲಿಗೆ ಸಣ್ಣ ವೈರ್ ಜೋಡಿಸಬೇಕಾಯಿತು.

ಮೂರನೇ ದಿನ ಮಧ್ಯಾಹ್ನ ಹುಡುಗ ರಿಜಿಸ್ಟರ್ ತೆರೆದು ತಾನು ಬರೆದಿದ್ದನ್ನು ಓದಿದ. ಆಮೇಲೆ ಮೆಲ್ಲಗೆ ಕೇಳಿದ: "ಅಣ್ಣಾ, ಸುಮ್ನೆ ಪ್ಲಗ್ ತೆಗೆದಿಟ್ರೆ ಐಸಿ ಹೇಗೆ ಸುಟ್ಟೋಗುತ್ತೆ?"

ಸುಟ್ಟುಹೋಗುವುದಿಲ್ಲ. ಅದೇ ವಿಷಯ.

ನಮ್ಮ ತೋಟದಲ್ಲಿ ತೆರೆದ ಬಾವಿಗೆ ಪಂಪ್‌ಸೆಟ್ ಇತ್ತು. ಪೈಪಿನ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಸವೆದಿತ್ತು. ಮೋಟರ್ ಓಡುತ್ತಿರುವವರೆಗೆ ನೀರು ಜೋರಾಗಿಯೇ ಬರುತ್ತಿತ್ತು. ಕರೆಂಟ್ ಹೋಗಿ ಬಂತೋ, ಪೈಪಿನ ನೀರೆಲ್ಲ ಬಾವಿಗೆ ಇಳಿದು ಪಂಪ್ ಬರೀ ಸುತ್ತುತ್ತಿತ್ತು. ಬಿಂದಿಗೆಯಲ್ಲಿ ನೀರು ತಂದು ಹುಯ್ದರೆ ಮಾತ್ರ ಮತ್ತೆ ಎತ್ತುತ್ತಿತ್ತು. ಈ ಸಪ್ಲೈ ಕೂಡ ಹಾಗೆಯೇ. ಶುರುವಿನಲ್ಲಿ ಐಸಿಗೆ ಕರೆಂಟ್ ಬರುವುದು 320 ವೋಲ್ಟಿನಿಂದ, ದೊಡ್ಡ ಬೆಲೆಯ ಒಂದು ರೆಸಿಸ್ಟರ್ ಮೂಲಕ, ತೊಟ್ಟು ತೊಟ್ಟಾಗಿ. ಆ ತೊಟ್ಟುಗಳನ್ನು ಸೇರಿಸಿಟ್ಟುಕೊಳ್ಳುವ ಬಿಂದಿಗೆಯೇ ಆ ಸಣ್ಣ 47ರ ಕೆಪಾಸಿಟರ್. ಅದರಲ್ಲಿ ಸುಮಾರು 16 ವೋಲ್ಟ್ ತುಂಬಿದಾಗ 3842 ಎಚ್ಚರವಾಗುತ್ತದೆ. ಎಚ್ಚರವಾದ ತಕ್ಷಣ ಅದಕ್ಕೆ ಬೇಕಾಗುವ ಕರೆಂಟ್ ಹತ್ತಾರು ಪಟ್ಟು ಜಾಸ್ತಿ. ರೆಸಿಸ್ಟರ್‌ನಿಂದ ಅಷ್ಟು ಬರುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನಲ್ಲಿ ಐಸಿಗೆಂದೇ ಸುತ್ತಿದ ಇನ್ನೊಂದು ಸುತ್ತು ಕೆಲಸ ಶುರು ಮಾಡುವವರೆಗೆ, ಆ ಕ್ಷಣದ ಹೊರೆಯನ್ನೆಲ್ಲ ಬಿಂದಿಗೆಯೇ ಹೊರಬೇಕು. ಒಳಗಿನ ದ್ರಾವಣ ಒಣಗಿದ ಕೆಪಾಸಿಟರ್‌ಗೆ ಅದು ಆಗುವುದಿಲ್ಲ. ವೋಲ್ಟೇಜ್ 10ಕ್ಕಿಂತ ಕೆಳಗೆ ಬಿದ್ದು ಐಸಿ ಮತ್ತೆ ಮಲಗುತ್ತದೆ. ಮತ್ತೆ ತೊಟ್ಟು ತೊಟ್ಟು, ಮತ್ತೆ 16, ಮತ್ತೆ ಕುಸಿತ. ನಾನು ಮೀಟರಿನಲ್ಲಿ ನೋಡಿದ ಏರಿಳಿತ ಇದೇ ಆಗಿತ್ತು. ಐಸಿ ಸತ್ತಿರಲಿಲ್ಲ. ಏಳಲು ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು.

ಮೇಷ್ಟ್ರ ಮನೆಯಲ್ಲಿ ಗಡಿಯಾರಕ್ಕೆಂದು ಅದನ್ನು ವರ್ಷಗಟ್ಟಲೆ ಪ್ಲಗ್‌ನಲ್ಲೇ ಬಿಟ್ಟಿದ್ದರು. ಕೆಪಾಸಿಟರ್ ನಿಧಾನಕ್ಕೆ ಒಣಗುತ್ತಾ ಬಂದಿದ್ದರೂ ಓಡುತ್ತಿದ್ದ ಸಪ್ಲೈಗೆ ಅದು ಲೆಕ್ಕಕ್ಕೆ ಬರಲಿಲ್ಲ. ಸಣ್ಣಪುಟ್ಟ ಪವರ್ ಕಟ್ ಆದಾಗ ಒಳಗಿನ ಬಿಸಿ ಆರುವ ಮೊದಲೇ ಕರೆಂಟ್ ಬಂದು ಅದು ಎದ್ದುಬಿಡುತ್ತಿತ್ತು. ನಾಲ್ಕು ದಿನ ಪೂರ್ತಿ ತಣ್ಣಗಾದ ಮೇಲೆ ಏಳಲಿಲ್ಲ.

ಪಕ್ಕದ ಬ್ಯೂಟಿ ಪಾರ್ಲರ್ ಅಕ್ಕನ ಹತ್ತಿರ ಹೇರ್ ಡ್ರೈಯರ್ ಕೇಳಿ ತಂದೆವು. ಆ ಸಣ್ಣ ಕೆಪಾಸಿಟರ್‌ಗೆ ಒಂದು ನಿಮಿಷ ಬಿಸಿ ಗಾಳಿ ಬಿಟ್ಟು ಕರೆಂಟ್ ಕೊಟ್ಟೆ. ಡಿಸ್‌ಪ್ಲೇ ಹೊತ್ತಿಕೊಂಡಿತು! ಪ್ಲಗ್ ತೆಗೆದು, ತಣ್ಣಗಾಗಲು ಬಿಟ್ಟು ಮತ್ತೆ ಹಾಕಿದೆವು. ಡೆಡ್. ಇನ್ನೇನು ಸಾಕ್ಷಿ ಬೇಕು, ಅಲ್ವಾ? ಒಣಗಿದ ಕೆಪಾಸಿಟರ್‌ಗೆ ಬಿಸಿ ತಾಗಿದರೆ ಒಳಗಿನ ತಡೆ ಕಡಿಮೆಯಾಗಿ ಸ್ವಲ್ಪ ಹೊತ್ತು ಜೀವ ಬರುತ್ತದೆ.

ಕೆಪಾಸಿಟರ್‌ನ ಒಳಗಿನ ಈ ತಡೆಯನ್ನೇ ಅಳೆಯುವ ಇಎಸ್‌ಆರ್ ಮೀಟರನ್ನು ಡ್ರಾಯರ್‌ನಿಂದ ತೆಗೆದೆ. ಮೊದಲ ದಿನವೇ ತೆಗೆಯಬೇಕಿತ್ತು. ಹೊಸ ಕೆಪಾಸಿಟರ್ ಒಂದು ಓಮ್‌ಗಿಂತ ಕಡಿಮೆ ತೋರಿಸಿತು. ಇದು 18 ಓಮ್. ಮಲ್ಟಿಮೀಟರ್ ನಿಧಾನಕ್ಕೆ ತುಂಬಿಸಿ ಎಷ್ಟು ಹಿಡಿಯುತ್ತದೆ ಎಂದು ಮಾತ್ರ ಹೇಳುತ್ತದೆ. ಬೇಕಾದಾಗ ಎಷ್ಟು ಬೇಗ ಕೊಡಬಲ್ಲದು ಎನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಸ್ವಿಚಿಂಗ್ ಸಪ್ಲೈನಲ್ಲಿ ಬೇಕಾಗಿರುವುದೇ ಅದು.

ಅದು ಒಣಗಿದ್ದಕ್ಕೆ ಕಾರಣ ಕಣ್ಣೆದುರೇ ಇತ್ತು. ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್‌ಗೆ ಅಂಟಿಕೊಂಡ ಹಾಗೆ ಕೂರಿಸಿದ್ದರು, ಮೈಮೇಲೆ 85 ಡಿಗ್ರಿ ಎಂದು ಬರೆದಿತ್ತು. ಸಾಧಾರಣ ಕೆಪಾಸಿಟರ್‌ಗೆ ಆ ಬಿಸಿಯಲ್ಲಿ 2000 ಗಂಟೆ ಆಯಸ್ಸು ಎಂದಿಟ್ಟುಕೊಳ್ಳಿ. ಪ್ರತಿ 10 ಡಿಗ್ರಿ ಇಳಿದಂತೆ ಆಯಸ್ಸು ಎರಡು ಪಟ್ಟಾಗುತ್ತದೆ ಎನ್ನುವುದು ನಮ್ಮ ಕಡೆ ಎಲ್ಲರೂ ಹಾಕುವ ಲೆಕ್ಕ. 55 ಡಿಗ್ರಿಯಲ್ಲಿ 16,000 ಗಂಟೆ. ವರ್ಷಕ್ಕೆ 8760 ಗಂಟೆ. ಸದಾ ಪ್ಲಗ್‌ನಲ್ಲಿದ್ದರೆ ಎರಡು ವರ್ಷಕ್ಕೇ ಸವೆಯಲು ಶುರು. ಅದೇ ಜಾಗಕ್ಕೆ 105 ಡಿಗ್ರಿಯದು ಹಾಕಿದರೆ 64,000 ಗಂಟೆ, ಅಂದರೆ ಏಳು ವರ್ಷದ ಮೇಲೆ. ಬೆಲೆಯಲ್ಲಿ ಒಂದೆರಡು ರೂಪಾಯಿ ವ್ಯತ್ಯಾಸ. ನಾನು ಈಗ 85ರದನ್ನು ಅಂಗಡಿಗೆ ತರುವುದನ್ನೇ ಬಿಟ್ಟಿದ್ದೇನೆ.

ಸಪ್ಲೈನಲ್ಲಿದ್ದ ಉಳಿದ ಸಣ್ಣ ಕೆಪಾಸಿಟರ್‌ಗಳನ್ನೂ ಬದಲಿಸಿದೆ. ಮೇನ್ ಬೋರ್ಡಿನ ಕನೆಕ್ಟರ್ ಜೋಡಿಸುವ ಮೊದಲು 12 ವೋಲ್ಟಿಗೆ ಬೈಕಿನ ಬಲ್ಬ್ ಕಟ್ಟಿ ಅಳೆದೆ. ಇದನ್ನು ಬಿಡಬೇಡಿ. ವೋಲ್ಟೇಜನ್ನು ಹಿಡಿತದಲ್ಲಿಡುವ ಫೀಡ್‌ಬ್ಯಾಕ್ ಕಡೆಯ ಭಾಗ ಕೆಟ್ಟಿದ್ದರೆ 12 ಇರಬೇಕಾದಲ್ಲಿ 20 ಬಂದು, ಎಲ್ಲೂ ಸಿಗದ ಐಸಿಗಳನ್ನೆಲ್ಲ ಒಂದೇ ಸಲಕ್ಕೆ ಸುಟ್ಟುಹಾಕುತ್ತದೆ. ಇಲ್ಲಿ 5.1, 12.2. ಧೈರ್ಯವಾಗಿ ಜೋಡಿಸಿದೆ.

ಮಿಕ್ಕಿದ್ದು ಮಾಮೂಲಿ. ಬೆಲ್ಟ್ ಸಡಿಲವಾಗಿತ್ತು, ಬದಲಿಸಿದೆ. ಟೇಪ್ ಓದುವ ಹೆಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಕಾಗದ ಒತ್ತಿ ಹಿಡಿದು, ಹೆಡ್ ಇರುವ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದೆ. ಕಾಗದವನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಮೊದಲು ನಮ್ಮ ರದ್ದಿ ಕ್ಯಾಸೆಟ್ ಹಾಕಿ ಎರಡು ಸಲ ಓಡಿಸಿದೆ. ಗ್ರಾಹಕರ ಕ್ಯಾಸೆಟ್‌ನಲ್ಲಿ ಯಾವತ್ತೂ ಪ್ರಯೋಗ ಮಾಡಬಾರದು.

ಎರಡು ವಾರದ ಮೇಲೆ ಒಂದು ಅಂಗಡಿಯವರು ಸಿಸಿಟಿವಿಯ ಡಿವಿಆರ್ ತಂದರು. ಡೆಡ್ ಎಂದರು. ಈ ಸಲ ಮುಚ್ಚಳ ಬಿಚ್ಚುವ ಮೊದಲೇ ಕೇಳಿದೆ, ಕೊನೆಗೆ ಯಾವಾಗ ಆಫ್ ಆಗಿತ್ತು ಎಂದು. "ನಿನ್ನೆ ಬೀದಿ ಟ್ರಾನ್ಸ್‌ಫಾರ್ಮರ್ ಕೆಲಸ ಅಂತ ಇಡೀ ದಿನ ಕರೆಂಟ್ ತೆಗೆದಿದ್ರು" ಎಂದರು. ಡಿವಿಆರನ್ನು ಮುಟ್ಟಲೇ ಇಲ್ಲ. 12 ವೋಲ್ಟಿನ ಅಡಾಪ್ಟರ್ ಒಡೆದೆ, ಒಳಗೆ ಅದೇ ಜಾಗದ ಅದೇ ಸಣ್ಣ ಕೆಪಾಸಿಟರ್ ಹೋಗಿತ್ತು. ಇಪ್ಪತ್ತು ನಿಮಿಷದ ಕೆಲಸ. ನಮ್ಮ ರಿಜಿಸ್ಟರ್‌ನಲ್ಲಿ ಈಗ ದೂರಿನ ಪಕ್ಕ ಒಂದು ಹೊಸ ಕಾಲಂ ಇದೆ: "ಕೆಡುವ ಮೊದಲು ಏನಾಯಿತು?" ಹುಡುಗನೇ ಸ್ಕೇಲ್ ಇಟ್ಟು ಗೆರೆ ಎಳೆದಿದ್ದಾನೆ.

ಮೇಷ್ಟ್ರು ವಿಸಿಆರ್ ಒಯ್ಯಲು ಬಂದ ದಿನ ಅಂಗಡಿಯ ಟಿವಿಯಲ್ಲೇ ಕ್ಯಾಸೆಟ್ ಹಾಕಿದೆ. ಚಪ್ಪರ, ವಾಲಗದವರು, ಊಟದ ಪಂಕ್ತಿ. ಅವರು ನಿಂತೇ ನೋಡಿದರು. ಪಂಕ್ತಿಯಲ್ಲಿ ಬಡಿಸುತ್ತಿದ್ದ ಒಬ್ಬ ಹೆಂಗಸಿನ ಮೇಲೆ ಬೆರಳಿಟ್ಟು "ನಮ್ಮ ಮನೆಯವರು" ಎಂದರು. ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟೆ. ಐಸಿಗಳ ದುಡ್ಡನ್ನು ಬಿಲ್ಲಿಗೆ ಸೇರಿಸಲಿಲ್ಲ. ಅದು ನನ್ನ ತಪ್ಪಿನ ಖರ್ಚು, ಅವರದ್ದಲ್ಲ.

"ಹಾಗಾದ್ರೆ ಇನ್ಮೇಲೆ ಪ್ಲಗ್ ತೆಗೀಬಾರ್ದೇನಪ್ಪಾ?" ಎಂದು ಕೇಳಿದರು.

"ತೆಗೀಲೇಬೇಕು ಮೇಷ್ಟ್ರೇ. ನೋಡುವಾಗ ಮಾತ್ರ ಹಾಕಿ. ಗಡಿಯಾರಕ್ಕೆ ಅಂತ ಇದನ್ನ ಬಿಸಿ ಮಾಡೋದು ಬೇಡ" ಎಂದೆ.

ತಲೆಯಾಡಿಸಿ, ಅದೇ ಹೊದಿಕೆಯನ್ನು ಬೆಂಚಿನ ಮೇಲೆ ಹಾಸಿದರು. ಹುಡುಗ ವಿಸಿಆರ್ ಎತ್ತಿ ಅದರ ಮೇಲಿಟ್ಟ.